ದಾಬೋಲಿಂ: ಒಂದೇ ರನ್‌ವೇ, ಎರಡು ಸಂಸಾರ

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯವರಿಗೆ ವಿಮಾನ ನಿಲ್ದಾಣವೆಂದರೆ ಬಜಪೆ. ಗಲ್ಫಿಗೆ ಹೋಗುವ ಅಣ್ಣನನ್ನು ಬೀಳ್ಕೊಡಲು, ಮುಂಬಯಿಯಿಂದ ಬರುವ ಚಿಕ್ಕಮ್ಮನನ್ನು ಕರೆತರಲು ಕಾರು ಮಾಡಿಕೊಂಡು ದಕ್ಷಿಣಕ್ಕೆ ಹೋಗುವುದು ನಮಗೆ ರೂಢಿ. ಗುಡ್ಡದ ನೆತ್ತಿಯನ್ನು ಸಮ ಮಾಡಿ ಕಟ್ಟಿದ ಆ ನಿಲ್ದಾಣ 1951ರಲ್ಲಿ ಆರಂಭವಾದದ್ದು. ಅಲ್ಲಿ ಓಡಾಡುವುದು ಮುಖ್ಯವಾಗಿ ಪ್ರಯಾಣಿಕರ ವಿಮಾನ.

ಅದೇ ನಾವು ಉತ್ತರಕ್ಕೆ ಮುಖ ಮಾಡಿ, ಕೊಂಕಣ ರೈಲಿನಲ್ಲಿ ಕೂತು ಗೋವಾದ ದಾಬೋಲಿಂಗೆ ಹೋದರೆ ಬೇರೆಯೇ ಬಗೆಯ ನಿಲ್ದಾಣ ಕಾಣುತ್ತದೆ. ಅಲ್ಲಿ ರಜೆಗೆಂದು ಬಂದ ಪ್ರವಾಸಿಗಳ ವಿಮಾನ ಇಳಿಯುವ ನೆಲದ ಮೇಲೆಯೇ ನೌಕಾಪಡೆಯ ಯುದ್ಧ ವಿಮಾನ ಏರುತ್ತದೆ. ರನ್‌ವೇ ಒಂದೇ, ಬಳಸುವವರು ಇಬ್ಬರು. ಇದು ಹೇಗೆ ಸಾಧ್ಯ, ಇದರಿಂದ ಯಾರಿಗೆ ಲಾಭ, ಯಾರಿಗೆ ತೊಡಕು ಎಂಬುದನ್ನು ತಿಳಿಯುವುದು ಈಗ ನಮಗೆ ಬರಿಯ ಕುತೂಹಲದ ಮಾತಲ್ಲ. ನಮ್ಮಿಂದ ಕೆಲವೇ ಗಂಟೆಗಳ ದಾರಿಯ ಅಂಕೋಲದಲ್ಲಿಯೂ ಇಂಥದೇ ಒಂದು ನಿಲ್ದಾಣದ ಯೋಜನೆ ಇದೆ. ಅದರ ಮಾತನ್ನು ಮುಂದೆ ಆಡೋಣ. ಮೊದಲು ದಾಬೋಲಿಂ ನೋಡಿ ಬರೋಣ.

ರೈಲಿನ ದಾರಿ

ನಮ್ಮ ಹೈಸ್ಕೂಲಿನ ಇಪ್ಪತ್ತು ಮಕ್ಕಳು, ಜೊತೆಗೆ ನಾಲ್ಕಾರು ಪೋಷಕರು ಒಂದು ಚಳಿಗಾಲದ ರಜೆಯಲ್ಲಿ ಹೊರಟಿದ್ದೆವು. ಬ್ರಹ್ಮಾವರದ ಕಡೆಯವರು ಬಾರ್ಕೂರಿನಲ್ಲಿ, ನಾವು ಕುಂದಾಪುರದಲ್ಲಿ, ಉಳಿದವರು ಬೈಂದೂರಿನ ಮೂಕಾಂಬಿಕಾ ರೋಡ್ ನಿಲ್ದಾಣದಲ್ಲಿ ಗಾಡಿ ಹತ್ತಿದರು. 1998ರ ಜನವರಿಯಲ್ಲಿ ಈ ರೈಲು ಮಾರ್ಗ ಪೂರ್ತಿಯಾಗಿ ತೆರೆಯುವ ತನಕ ಗೋವಾ ಎಂದರೆ ಹೊಳೆ, ತಿರುವು, ಘಟ್ಟದ ಇಳುಕಲುಗಳ ಬಸ್ಸಿನ ಪ್ರಯಾಣ. ಈಗ ಹೊನ್ನಾವರದ ಶರಾವತಿ ಸೇತುವೆಯೊಂದೇ ಎರಡು ಕಿಲೋಮೀಟರಿಗೂ ಮಿಕ್ಕಿದ್ದು, ಮಕ್ಕಳು ಕಿಟಕಿಗೆ ಮುಖ ಒತ್ತಿ ಕೂತರೆ ಮುಗಿಯುವುದೇ ಇಲ್ಲ ಅನ್ನಿಸುತ್ತದೆ.

ಮಡಗಾಂವ್‌ನಲ್ಲಿ ಇಳಿದು ವಾಸ್ಕೋ ಕಡೆಯ ಗಾಡಿ ಹಿಡಿದರೆ ದಾಬೋಲಿಂ ಎಂಬ ಹೆಸರಿನದೇ ಸಣ್ಣ ರೈಲು ನಿಲ್ದಾಣವಿದೆ. ಸುತ್ತಲೂ ನೋಡಿದರೆ ನಮ್ಮದೇ ನೆಲ. ಕೆಂಪು ಮುರಕಲ್ಲು, ಗೇರು, ಅಲ್ಲಲ್ಲಿ ಒಣಹುಲ್ಲು. ಬೈಂದೂರಿನ ಒತ್ತಿನೆಣೆಯ ಮೇಲೆ ನಿಂತು ಕಡಲು ನೋಡಿದವರಿಗೆ ಈ ನೋಟ ಅಪರಿಚಿತವಲ್ಲ. ಮಳೆಗಾಲ ಮತ್ತು ಬಿಸಿಲು ಸೇರಿ ಸಾವಿರಾರು ವರ್ಷ ಬಂಡೆಯನ್ನು ತೊಳೆದು, ಕಬ್ಬಿಣ ಮತ್ತು ಅಲ್ಯುಮಿನಿಯಂ ಅಂಶವನ್ನು ಉಳಿಸಿ ಮಾಡಿದ ಕಲ್ಲು ಇದು. ಕರಾವಳಿಯಲ್ಲಿ ಸಮತಟ್ಟಾದ ಜಾಗ ಬೇಕೆಂದರೆ ಎರಡೇ ಕಡೆ: ಕೆಳಗೆ ಗದ್ದೆಯ ಬೈಲು, ಮೇಲೆ ಮುರಕಲ್ಲಿನ ಬಯಲು. ಬೈಲಿನಲ್ಲಿ ನೀರು ನಿಲ್ಲುತ್ತದೆ, ಅನ್ನ ಬೆಳೆಯುತ್ತದೆ. ಹಾಗಾಗಿ ವಿಮಾನ ನಿಲ್ದಾಣ ಕಟ್ಟುವವರ ಕಣ್ಣು ಮೇಲಿನ ಬಯಲಿನ ಮೇಲೆ. ಬಜಪೆಯಂತೆ ದಾಬೋಲಿಂ ಕೂಡ ಅಂಥ ಎತ್ತರದ ಮೇಲೆಯೇ ಇದೆ.

ಬಾಂಬು ಬಿದ್ದ ರನ್‌ವೇ

ಈ ನಿಲ್ದಾಣವನ್ನು ಕಟ್ಟಿದವರು ಪೋರ್ಚುಗೀಸರು, 1950ರ ದಶಕದಲ್ಲಿ. ಭಾರತ ಸ್ವತಂತ್ರವಾದ ಮೇಲೂ ಅವರು ಗೋವಾ ಬಿಡಲೊಪ್ಪದೆ ಕೂತಿದ್ದರು. ಭಾರತ ಆರ್ಥಿಕ ದಿಗ್ಬಂಧನ ಹಾಕಿದಾಗ ಹೊರಗಿನ ಲೋಕದೊಡನೆ ಸಂಪರ್ಕ ಉಳಿಸಿಕೊಳ್ಳಲು ಅವರಿಗೆ ವಿಮಾನ ಬೇಕಾಯಿತು. ಪೋರ್ಚುಗೀಸ್ ಭಾರತದ ಹೆಸರಿನಲ್ಲಿಯೇ ಒಂದು ವಿಮಾನ ಸಂಸ್ಥೆಯನ್ನೂ ಹುಟ್ಟುಹಾಕಿದರು.

1961ರ ಡಿಸೆಂಬರ್ 18. ಗೋವಾ ವಿಮೋಚನೆಯ ಕಾರ್ಯಾಚರಣೆ ಆರಂಭವಾದಾಗ ವಾಯುಪಡೆಯ ಕ್ಯಾನ್‌ಬೆರಾ ಬಾಂಬರುಗಳು ದಾಬೋಲಿಂ ಮೇಲೆ ಎರಗಿದವು. ಮೊದಲ ದಾಳಿಯಲ್ಲಿದ್ದ ಹನ್ನೆರಡು ವಿಮಾನಗಳ ಮುಂದಾಳು ವಿಂಗ್ ಕಮಾಂಡರ್ ಎನ್. ಬಿ. ಮೆನನ್. ನಮ್ಮ ಬೆಳಗಾವಿಯ ಸಾಂಬ್ರಾ ವಿಮಾನ ನೆಲೆಯೂ ಈ ಕಾರ್ಯಾಚರಣೆಯಲ್ಲಿ ತೊಡಗಿತ್ತು. ಬಾಂಬರುಗಳಿಗೆ ಕೊಟ್ಟ ಅಪ್ಪಣೆ ಗಮನಿಸತಕ್ಕದ್ದು: ರನ್‌ವೇ ಕೆಡಿಸಿ, ನಿಲ್ದಾಣದ ಕಟ್ಟಡ ಮುಟ್ಟಬೇಡಿ. ಕಟ್ಟಡ ನಾಳೆ ನಮಗೇ ಬೇಕಾದೀತು ಎಂಬ ಲೆಕ್ಕ ಅದರಲ್ಲಿತ್ತು.

ಆಗ ಅಲ್ಲಿ ಎರಡು ಪ್ರಯಾಣಿಕ ವಿಮಾನಗಳು ನಿಂತಿದ್ದವು. ಒಂದು ನಾಲ್ಕು ಎಂಜಿನಿನ ಕಾನ್‌ಸ್ಟೆಲೇಶನ್, ಇನ್ನೊಂದು ಡಿ.ಸಿ.-4. ರಾತ್ರಿಯಾದ ಮೇಲೆ ಪೋರ್ಚುಗೀಸರು ಗುಂಡಿ ಬಿದ್ದ ರನ್‌ವೇಯಲ್ಲಿ ಸಾಧ್ಯವಾದಷ್ಟು ಭಾಗವನ್ನು ಸರಿಮಾಡಿಕೊಂಡು, ಅಧಿಕಾರಿಗಳ ಕುಟುಂಬದವರನ್ನು ಕೂರಿಸಿ ಆ ಎರಡು ವಿಮಾನಗಳನ್ನೂ ಕತ್ತಲಿನಲ್ಲಿ ಹಾರಿಸಿದರು. ಅವು ಕರಾಚಿ ಸೇರಿದವು. ಮರುದಿನ, ಡಿಸೆಂಬರ್ 19ಕ್ಕೆ, ಗೋವಾ ಭಾರತದ್ದಾಯಿತು.

1962ರಲ್ಲಿ ನಿಲ್ದಾಣ ನೌಕಾಪಡೆಯ ಕೈಗೆ ಬಂತು. ನೌಕಾಪಡೆಯ ವೈಮಾನಿಕ ನೆಲೆ ಐ.ಎನ್.ಎಸ್. ಹಂಸ ಮೊದಲು ಕಡಲೇ ಇಲ್ಲದ ಕೊಯಮತ್ತೂರಿನ ಹತ್ತಿರದ ಸೂಲೂರಿನಲ್ಲಿ 1961ರಲ್ಲಿ ಆರಂಭವಾದದ್ದು. 1964ರಲ್ಲಿ ಅದು ದಾಬೋಲಿಂಗೆ ಬಂದು ನೆಲೆಸಿತು. ರನ್‌ವೇ ರಿಪೇರಿಯಾದ ಮೇಲೆ ಇಂಡಿಯನ್ ಏರ್‌ಲೈನ್ಸಿನ ಪ್ರಯಾಣಿಕ ವಿಮಾನಗಳೂ ಬರತೊಡಗಿದವು. ಅಂದಿನಿಂದ ಒಂದೇ ನೆಲದಲ್ಲಿ ಎರಡು ಸಂಸಾರ ನಡೆದಿದೆ.

ಅಂಗಳ ಒಬ್ಬರದು, ಒಣಹಾಕುವವರು ಇಬ್ಬರು

ನಮ್ಮ ಕಡೆ ಒಂದು ಮನೆಗೆ ದೊಡ್ಡ ಅಂಗಳವಿದ್ದು, ಪಕ್ಕದ ಮನೆಗೆ ಇಲ್ಲದಿದ್ದರೆ ಕೊಯ್ಲಿನ ಕಾಲದಲ್ಲಿ ಪಕ್ಕದವರೂ ಅಲ್ಲಿಯೇ ಭತ್ತ ಒಣಗಿಸುತ್ತಾರೆ. ಯಾರೂ ಬೇಡ ಅನ್ನುವುದಿಲ್ಲ. ಆದರೆ ಅಂಗಳದ ಮನೆಯಲ್ಲಿ ಮದುವೆಯ ಚಪ್ಪರ ಏಳುವ ದಿನ ಪಕ್ಕದವರ ಭತ್ತ ಮೊದಲು ಎದ್ದುಬಿಡಬೇಕು. ದಾಬೋಲಿಮಿನ ವ್ಯವಸ್ಥೆಯೂ ಹಾಗೆಯೇ. ಇಲ್ಲಿ ಅಂಗಳ ನೌಕಾಪಡೆಯದು.

ರನ್‌ವೇ, ವಿಮಾನ ಸಂಚಾರ ನಿಯಂತ್ರಣ, ಸುತ್ತಲಿನ ವಿಶಾಲ ಜಮೀನು ಎಲ್ಲ ನೌಕಾಪಡೆಯದು. ಅದರ ಒಂದು ಪಾಲಿನಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಪ್ರಯಾಣಿಕ ಕಟ್ಟಡ ಮತ್ತು ವಿಮಾನ ನಿಲ್ಲಿಸುವ ಜಾಗ ಇವೆ. ಇಂಥ ಪಾಲಿಗೆ ವಿಮಾನದ ಭಾಷೆಯಲ್ಲಿ ಸಿವಿಲ್ ಎನ್‌ಕ್ಲೇವ್ ಎನ್ನುತ್ತಾರೆ. ನಾವು ಟಿಕೆಟು ತೋರಿಸುವ, ಚೀಲ ತೂಗಿಸುವ, ಕಾಫಿ ಕುಡಿಯುವ ಜಾಗವೆಲ್ಲ ಪ್ರಾಧಿಕಾರದ್ದು. ವಿಮಾನ ಚಕ್ರ ತಿರುಗಿಸಿ ರನ್‌ವೇಗೆ ಹೊರಳಿತೆಂದರೆ ನೌಕಾಪಡೆಯ ಮಾತು ಕೇಳಬೇಕು.

ಇದರ ಪರಿಣಾಮ ವೇಳಾಪಟ್ಟಿಯಲ್ಲಿ ಕಾಣುತ್ತದೆ. ಬಹಳ ವರ್ಷ ಇಲ್ಲಿ ವಾರದ ಐದು ದಿನ, ಬೆಳಿಗ್ಗೆ ಸುಮಾರು ಎಂಟೂವರೆಯಿಂದ ಮಧ್ಯಾಹ್ನದ ತನಕ ಪ್ರಯಾಣಿಕ ವಿಮಾನಗಳಿಗೆ ನಿರ್ಬಂಧವಿತ್ತು. ಆ ಹೊತ್ತು ನೌಕಾಪಡೆಯ ತರಬೇತಿಗೆ ಮೀಸಲು. ಹಾರಾಟ ಕಲಿಯುವವರಿಗೆ ಬೆಳಗಿನ ಹೊತ್ತು ಅನುಕೂಲ: ಬೆಳಕು ಸ್ಪಷ್ಟ, ಕಡಲಗಾಳಿ ಬಲವಾಗುವುದು ಮಧ್ಯಾಹ್ನದ ಮೇಲೆ. ನಾಲ್ಕು ಗಂಟೆಯಂತೆ ಐದು ದಿನ ಎಂದರೆ ವಾರಕ್ಕೆ ಇಪ್ಪತ್ತು ಗಂಟೆ. ಲೆಕ್ಕದಲ್ಲಿ ಇದು ದೊಡ್ಡದಲ್ಲ ಅನ್ನಿಸೀತು. ಆದರೆ ಪ್ರಯಾಣಿಕರಿಗೆ ಹಗಲಿನ ಹೊತ್ತೇ ಬೇಕು. ಗೋವಾಕ್ಕೆ 1980ರ ದಶಕದ ಕೊನೆಯಿಂದ ಯುರೋಪಿನ ಚಾರ್ಟರ್ ವಿಮಾನಗಳೂ ಬರತೊಡಗಿದ್ದವು. ಬೆಳಿಗ್ಗೆ ತಡೆದ ನೀರೆಲ್ಲ ಮಧ್ಯಾಹ್ನ ತೂಬು ತೆಗೆದಾಗ ನುಗ್ಗಿದಂತೆ ವಿಮಾನಗಳು ಒಟ್ಟಿಗೆ ಬಂದು, ಸಾಲು ಬೆಳೆದು, ಜನ ಕಾಯುವುದು ಮಾಮೂಲಾಯಿತು.

ಇನ್ನೊಂದು ಸಣ್ಣ ಲೆಕ್ಕ ಮಕ್ಕಳಿಗೆ ಕೊಟ್ಟಿದ್ದೆ. ಇಲ್ಲಿನ ರನ್‌ವೇ ಸುಮಾರು 3,400 ಮೀಟರ್ ಉದ್ದ. ಪಕ್ಕದಲ್ಲಿ ಸಮಾನಾಂತರ ದಾರಿ ಪೂರ್ತಿಯಾಗಿ ಇಲ್ಲದ ನಿಲ್ದಾಣಗಳಲ್ಲಿ ವಿಮಾನ ರನ್‌ವೇಯ ಮೇಲೆಯೇ ನಡೆದು ತುದಿಗೆ ಹೋಗಿ, ತಿರುಗಿ ನಿಂತು, ಆಮೇಲೆ ಓಡಬೇಕು. ಗಂಟೆಗೆ 30 ಕಿಲೋಮೀಟರಿನಂತೆ ನಡೆದರೆ ಇಷ್ಟು ಉದ್ದ ದಾಟಲು ಎಷ್ಟು ಹೊತ್ತು? ಹತ್ತಿರ ಹತ್ತಿರ ಏಳು ನಿಮಿಷ. ಆ ಏಳು ನಿಮಿಷ ಬೇರೆ ಯಾರೂ ಇಳಿಯುವಂತಿಲ್ಲ, ಏರುವಂತಿಲ್ಲ. ಒಂದೇ ರನ್‌ವೇ ಇರುವಲ್ಲಿ ನಿಮಿಷಕ್ಕೆ ಎಷ್ಟು ಬೆಲೆ ಎಂದು ಆಗ ಅವರಿಗೆ ಹೊಳೆಯಿತು.

ರನ್‌ವೇಯ ತುದಿಯಲ್ಲಿ ಬರೆಯುವ ಅಂಕಿಯೂ ಪಾಠವೇ. ದಾಬೋಲಿಮಿನದು ಒಂದು ತುದಿ 08, ಇನ್ನೊಂದು 26. ಅಂಕಿಯ ಮುಂದೆ ಸೊನ್ನೆ ಸೇರಿಸಿದರೆ ದಿಕ್ಸೂಚಿಯ ಅಂಶ ಸಿಗುತ್ತದೆ: 80 ಮತ್ತು 260. ಅಂದರೆ ಹೆಚ್ಚುಕಡಿಮೆ ಪೂರ್ವ ಮತ್ತು ಪಶ್ಚಿಮ. ಎರಡರ ನಡುವಿನ ವ್ಯತ್ಯಾಸ 180 ಅಂಶ, ಏಕೆಂದರೆ ಒಂದೇ ಗೆರೆಯ ಎರಡು ಮುಖ. ಕಡಲಗಾಳಿ ಬೀಸುವುದು ಪಶ್ಚಿಮದಿಂದ. ವಿಮಾನಕ್ಕೆ ಎದುರುಗಾಳಿ ಇದ್ದರೆ ಕಡಿಮೆ ಓಟದಲ್ಲಿಯೇ ರೆಕ್ಕೆ ಎತ್ತಿ ಹಿಡಿಯುತ್ತದೆ. ಗಾಳಿಪಟ ಹಾರಿಸುವ ಹುಡುಗ ಗಾಳಿಗೆ ಎದುರಾಗಿ ಓಡುವುದಕ್ಕೂ ಇದೇ ಕಾರಣ.

ಒಬ್ಬರು ಎಡವಿದರೆ ಇಬ್ಬರೂ ನಿಲ್ಲಬೇಕು

ಹಂಚಿಕೆಯ ಕಷ್ಟ ತಿಳಿಯುವುದು ಏನಾದರೂ ಅವಘಡವಾದಾಗ. 2016ರ ಡಿಸೆಂಬರ್ 27ರ ಬೆಳಗಿನ ಜಾವ ಮುಂಬಯಿಗೆ ಹೊರಟಿದ್ದ ಜೆಟ್ ಏರ್‌ವೇಸಿನ ವಿಮಾನವೊಂದು ಏರುವ ಓಟದಲ್ಲಿ ರನ್‌ವೇ ಬಿಟ್ಟು ಪಕ್ಕಕ್ಕೆ ಜಾರಿ ತಿರುಗಿ ನಿಂತಿತು. ಒಳಗಿದ್ದವರು ಸಿಬ್ಬಂದಿ ಸೇರಿ 161 ಮಂದಿ. ಕೆಲವರಿಗೆ ಗಾಯಗಳಾದವು, ಎಲ್ಲರೂ ಬದುಕಿದರು. 2018ರ ಜನವರಿ 3ರಂದು ನೌಕಾಪಡೆಯ ಮಿಗ್-29ಕೆ ವಿಮಾನ ರನ್‌ವೇ ಮೀರಿ ಹೋಗಿ ಬೆಂಕಿ ಹತ್ತಿಕೊಂಡಿತು. ತರಬೇತಿಯ ಪೈಲಟ್ ಪಾರಾದರು. ಮೊದಲನೆಯದು ನಾಗರಿಕರ ವಿಮಾನ, ಎರಡನೆಯದು ಸೇನೆಯದು. ಆದರೆ ಎರಡು ಸಲವೂ ನಿಲ್ದಾಣವೇ ಮುಚ್ಚಿತು. ಒಬ್ಬರ ವಿಮಾನ ದಾರಿಗೆ ಅಡ್ಡ ನಿಂತರೆ ಇಬ್ಬರಿಗೂ ದಾರಿಯಿಲ್ಲ.

ಇದಕ್ಕೆ ಇನ್ನೊಂದು ಮುಖವೂ ಇದೆಯೆನ್ನಬೇಕು. ಯುದ್ಧ ವಿಮಾನಗಳಿಗಾಗಿ ಸಿದ್ಧವಾಗಿರುವ ಅಗ್ನಿಶಾಮಕ ದಳ, ವೈದ್ಯರು, ಹಗಲುರಾತ್ರಿಯ ಕಾವಲು ಇವೆಲ್ಲ ಪ್ರಯಾಣಿಕರಿಗೂ ಒದಗುತ್ತವೆ. ಸಣ್ಣ ಊರಿನ ನಿಲ್ದಾಣಕ್ಕೆ ತಾನಾಗಿ ಇಷ್ಟೆಲ್ಲ ಕಟ್ಟಿಕೊಳ್ಳುವ ಶಕ್ತಿ ಇರುವುದಿಲ್ಲ. ಮೂರು ಕಿಲೋಮೀಟರ್ ಗಟ್ಟಿ ರನ್‌ವೇ ಹೊಸದಾಗಿ ಮಾಡಲು ಬೇಕಾಗುವ ನೆಲ ಮತ್ತು ಹಣ ಎರಡೂ ಉಳಿಯುತ್ತವೆ. ಹಂಚಿಕೆ ಶುರುವಾಗುವುದು ಈ ಉಳಿತಾಯದಿಂದಲೇ.

ಬೋಗ್ಮಾಲೋದ ಪಾಠಶಾಲೆ

ನೌಕಾನೆಲೆಯ ಒಳಗೆ ನಮ್ಮಂಥವರಿಗೆ ಪ್ರವೇಶವಿಲ್ಲ. ರಕ್ಷಣಾ ಇಲಾಖೆಯ ನಿಲ್ದಾಣಗಳಲ್ಲಿ ಫೋಟೋ ತೆಗೆಯುವುದಕ್ಕೂ ನಿಷೇಧವಿದೆ. ಆದರೆ ನಿಲ್ದಾಣದ ಪಕ್ಕದ ಬೋಗ್ಮಾಲೋ ರಸ್ತೆಯಲ್ಲಿ 1998ರಲ್ಲಿ ಆರಂಭವಾದ ನೌಕಾ ವೈಮಾನಿಕ ವಸ್ತುಸಂಗ್ರಹಾಲಯವಿದೆ. ಬಯಲಿನಲ್ಲಿ ಹಳೆಯ ವಿಮಾನಗಳು ನಿಂತಿವೆ. ವಿಕ್ರಾಂತ್ ಹಡಗಿನ ಮೇಲಿಂದ ಹಾರುತ್ತಿದ್ದ ಸೀ ಹಾಕ್ ಮತ್ತು ಅಲೀಜೆ, ಆಮೇಲೆ ಬಂದ ಸೀ ಹ್ಯಾರಿಯರ್, ಹೆಲಿಕಾಪ್ಟರುಗಳು. ಸೀ ಹ್ಯಾರಿಯರ್ 1983ರಿಂದ 2016ರ ತನಕ ಇಲ್ಲಿಂದಲೇ ಸೇವೆ ಸಲ್ಲಿಸಿತು. ಎಂಜಿನಿನ ಬಿಸಿಗಾಳಿ ಹೊರಡುವ ಮೂತಿಗಳನ್ನು ಕೆಳಗೆ ತಿರುಗಿಸಿ ನಿಂತಲ್ಲೇ ಇಳಿಯಬಲ್ಲ ವಿಮಾನ ಅದು. ನ್ಯೂಟನ್ನನ ಮೂರನೆಯ ನಿಯಮವನ್ನು ಕಪ್ಪು ಹಲಗೆಯ ಮೇಲೆ ಹತ್ತು ಸಲ ಬರೆದರೂ ಬಾರದ ತಿಳಿವಳಿಕೆ ಆ ಮೂತಿಯನ್ನು ಹತ್ತಿರದಿಂದ ಕಂಡಾಗ ಬರುತ್ತದೆ.

ಎಲ್ಲಕ್ಕಿಂತ ದೊಡ್ಡದು ಅಲ್ಲಿರುವ ಸೂಪರ್ ಕಾನ್‌ಸ್ಟೆಲೇಶನ್. ಬೈಂದೂರಿನ ಒಬ್ಬ ಹುಡುಗ ಅದರ ಹಿಂದೆ ಹೋಗಿ ನಿಂತು, “ಸರ್, ಇದ್ಕೆ ಮೂರ್ ಬಾಲ ಎಂತಕ್ಕೆ?” ಅಂದ. ಪ್ರಶ್ನೆ ಒಳ್ಳೆಯದು. ಇಷ್ಟು ದೊಡ್ಡ ವಿಮಾನಕ್ಕೆ ಒಂದೇ ಬಾಲ ಇಟ್ಟರೆ ಅದು ಬಹಳ ಎತ್ತರವಾಗಿ ಆ ಕಾಲದ ವಿಮಾನದ ಕೊಟ್ಟಿಗೆಗಳ ಬಾಗಿಲಿಗೆ ತಾಗುತ್ತಿತ್ತು. ಒಂದು ಎತ್ತರದ ಬಾಲದ ಕೆಲಸವನ್ನು ಮೂರು ಗಿಡ್ಡ ಬಾಲಗಳಿಗೆ ಹಂಚಿದರು.

ಈ ವಿಮಾನದ ಬದುಕೇ ನಮ್ಮ ವಿಷಯಕ್ಕೆ ಹೇಳಿಮಾಡಿಸಿದಂತಿದೆ. ಮೊದಲು ಇದು ಏರ್ ಇಂಡಿಯಾದ ಪ್ರಯಾಣಿಕ ವಿಮಾನ. ಆಮೇಲೆ ವಾಯುಪಡೆಗೆ ಹೋಯಿತು. ಕೊನೆಗೆ ನೌಕಾಪಡೆಗೆ ಬಂದು ಕಡಲಿನ ಕಾವಲು ಕಾಯಿತು. ಒಂದೇ ಜನ್ಮದಲ್ಲಿ ಮೂರು ಸಮವಸ್ತ್ರ. ನಾಗರಿಕ ವಿಮಾನ, ಸೇನೆಯ ವಿಮಾನ ಎಂದು ನಾವು ಗೆರೆ ಎಳೆಯುತ್ತೇವೆ. ಗಾಳಿಯ ನಿಯಮ ಇಬ್ಬರಿಗೂ ಒಂದೇ.

ನೆಲೆಯ ಒಳಗೆ ಇನ್ನೊಂದು ವಿಶೇಷವಿದೆ. ನೆಲದ ಮೇಲೆಯೇ ಕಟ್ಟಿದ, ಯುದ್ಧನೌಕೆಯ ಮೇಲ್ಭಾಗವನ್ನು ಹೋಲುವ ಪರೀಕ್ಷಾ ಕೇಂದ್ರ ಅದು. ತುದಿಯಲ್ಲಿ ಮೇಲಕ್ಕೆ ಬಾಗಿದ ದಿಬ್ಬ. ಹಡಗಿನ ಮೇಲೆ ಸಿಗುವ ಓಟ ಇನ್ನೂರು ಮೀಟರಿನ ಆಸುಪಾಸು. ಅಷ್ಟರಲ್ಲಿ ಹಾರಲು ಬೇಕಾದ ವೇಗ ಬರುವುದಿಲ್ಲ. ಆದರೆ ದಿಬ್ಬ ವಿಮಾನವನ್ನು ಮೇಲ್ಮುಖವಾಗಿ ಎಸೆಯುತ್ತದೆ. ಎಸೆದ ಕಲ್ಲು ಮೇಲೇರಿ ಕೆಳಗಿಳಿಯಲು ಕೆಲವು ಸೆಕೆಂಡು ಹಿಡಿಯುತ್ತದಲ್ಲವೇ? ಆ ಕೆಲವು ಸೆಕೆಂಡುಗಳಲ್ಲಿ ಎಂಜಿನ್ ತಳ್ಳುತ್ತಲೇ ಇದ್ದು ಉಳಿದ ವೇಗ ಒದಗಿಸುತ್ತದೆ. 2014ರ ಡಿಸೆಂಬರ್ 20ರಂದು ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್‌ನ ನೌಕಾ ಮಾದರಿ ಮೊದಲ ಬಾರಿಗೆ ಈ ದಿಬ್ಬದಿಂದ ಹಾರಿತು. 2019ರ ಸೆಪ್ಟೆಂಬರ್ 13ರಂದು ಕೊಕ್ಕೆಯಿಂದ ಉಕ್ಕಿನ ಹಗ್ಗ ಹಿಡಿದು ಇಲ್ಲಿಯೇ ಇಳಿಯಿತು. 2020ರ ಜನವರಿ 11ರಂದು ನಿಜವಾದ ಹಡಗು, ವಿಕ್ರಮಾದಿತ್ಯದ ಮೇಲೆ ಇಳಿಯಿತು.

ಹಗ್ಗ ಹಿಡಿದು ಇಳಿಯುವುದೆಂದರೆ ಏನೆಂದು ಎಸ್.ಎಸ್.ಎಲ್.ಸಿ. ಓದುವವರು ಲೆಕ್ಕ ಹಾಕಬಹುದು. ಗಂಟೆಗೆ 240 ಕಿಲೋಮೀಟರ್ ವೇಗ, ಅಂದರೆ ಸೆಕೆಂಡಿಗೆ ಸುಮಾರು 67 ಮೀಟರ್. ನಿಲ್ಲಲು ಸಿಗುವ ದೂರ 90 ಮೀಟರ್ ಎಂದಿಟ್ಟುಕೊಳ್ಳಿ. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದರೆ ಸೆಕೆಂಡಿನ ವರ್ಗಕ್ಕೆ ಸುಮಾರು 25 ಮೀಟರ್ ವೇಗೋತ್ಕರ್ಷ, ವಿರುದ್ಧ ದಿಕ್ಕಿನಲ್ಲಿ. ಇದು ಗುರುತ್ವದ ಎರಡೂವರೆ ಪಟ್ಟು. 60 ಕಿಲೋ ತೂಗುವ ಪೈಲಟ್‌ನ ಎದೆಯ ಪಟ್ಟಿಯ ಮೇಲೆ 150 ಕಿಲೋ ಭಾರ ಒಮ್ಮೆಗೆ ಬಿದ್ದಂತೆ. ಇದೆಲ್ಲ ಮೂರು ಸೆಕೆಂಡಿನೊಳಗೆ ಮುಗಿಯುತ್ತದೆ. ಈ ಅಭ್ಯಾಸ ಕಡಲಿನ ಮೇಲೆ ಮಾಡುವ ಮೊದಲು ನೆಲದ ಮೇಲೆ ನೂರಾರು ಬಾರಿ ಆಗಬೇಕು. ಬೆಳಗಿನ ಆ ನಾಲ್ಕು ಗಂಟೆ ನೌಕಾಪಡೆಗೆ ಏಕೆ ಬೇಕು ಎಂಬುದಕ್ಕೆ ಇದು ಉತ್ತರ. ಟಿಕೆಟು ಕೊಂಡು ಕಾಯುವವನಿಗೆ ಸಿಟ್ಟು ಬರುವುದು ಸಹಜ; ಆದರೆ ತಡೆಗೆ ಕಾರಣವಿದೆ.

ಉಳಿದ ಊರುಗಳ ಕತೆ

ಒಂದೇ ರನ್‌ವೇಯ ಸಂಸಾರ ಗೋವಾಕ್ಕೆ ಮಾತ್ರ ಸೇರಿದ್ದಲ್ಲ. ಬೆಂಗಳೂರಿನಲ್ಲಿ ಹೋಟೆಲು ನಡೆಸುವ ನಮ್ಮ ಕುಂದಾಪುರದವರಿಗೆ ಎಚ್.ಎ.ಎಲ್. ನಿಲ್ದಾಣ ನೆನಪಿರುತ್ತದೆ. ವಿಮಾನ ಕಾರ್ಖಾನೆಯ ರನ್‌ವೇ ಅದು. 2001ರ ಜನವರಿ 4ರಂದು ತೇಜಸ್ ಮೊದಲು ಹಾರಿದ್ದು ಅಲ್ಲಿಂದ. ಊರಿಗೆ ಬಂದು ಹೋಗುವವರೂ ಇಳಿಯುತ್ತಿದ್ದದ್ದು ಅಲ್ಲಿಯೇ. ಜನ ಹೆಚ್ಚಾಗಿ ಜಾಗ ಸಾಲದೆ 2008ರ ಮೇ ತಿಂಗಳಿನಲ್ಲಿ ನಾಗರಿಕ ಸಂಚಾರ ದೇವನಹಳ್ಳಿಗೆ ಹೋಯಿತು. ಕೊಚ್ಚಿಯಲ್ಲಿಯೂ ಹೀಗೆಯೇ: ಮೊದಲು ನೌಕಾಪಡೆಯ ನಿಲ್ದಾಣ, 1999ರಲ್ಲಿ ನೆಡುಂಬಾಶೇರಿ. ಗೋವಾದಲ್ಲಿಯೂ ಮೋಪಾ ಎಂಬಲ್ಲಿ ಎರಡನೆಯ ನಿಲ್ದಾಣ 2023ರ ಜನವರಿಯಿಂದ ಕೆಲಸ ಮಾಡುತ್ತಿದೆ. ಆದರೆ ಅಲ್ಲಿ ಹಳೆಯದನ್ನು ಬಿಡಲಿಲ್ಲ. ದಾಬೋಲಿಂ ಕೂಡ ನಡೆದಿದೆ.

ಕರ್ನಾಟಕದ ಇನ್ನೊಂದು ತುದಿಯಲ್ಲಿ ಬೀದರ್ ಇದೆ. ವಾಯುಪಡೆಯ ಪೈಲಟ್‌ಗಳಿಗೆ ಹಾಕ್ ವಿಮಾನದಲ್ಲಿ ತರಬೇತಿ ಕೊಡುವ ನೆಲೆ. ಆಕಾಶದಲ್ಲಿ ಚಿತ್ರ ಬಿಡಿಸುವ ಸೂರ್ಯಕಿರಣ ತಂಡ 1996ರಲ್ಲಿ ರೂಪುಗೊಂಡದ್ದು ಅಲ್ಲಿಯೇ. ರನ್‌ವೇ ಇತ್ತು, ಪ್ರಯಾಣಿಕರ ಕಟ್ಟಡವೂ ಎದ್ದಿತ್ತು. ಆದರೆ ಹೈದರಾಬಾದಿನ ಹೊಸ ನಿಲ್ದಾಣಕ್ಕೆ 150 ಕಿಲೋಮೀಟರಿನೊಳಗೆ ಇನ್ನೊಂದು ಬರಬಾರದೆಂಬ ಕರಾರು ಅಡ್ಡ ಬಂತು. ಕಟ್ಟಡ ವರ್ಷಗಟ್ಟಲೆ ಖಾಲಿ ಕೂತು, 2020ರ ಫೆಬ್ರವರಿ 7ರಂದು ಬೆಂಗಳೂರಿನ ಮೊದಲ ವಿಮಾನ ಬಂತು. ಅಲ್ಲಿ ತಡೆದದ್ದು ಸೇನೆಯಲ್ಲ, ಕಾಗದ. ರನ್‌ವೇ ಇದ್ದರೆ ಸಾಲದು, ಕರಾರಿನ ಸಾಲುಗಳನ್ನೂ ಓದಬೇಕು ಎಂಬ ಪಾಠ ಬೀದರಿನದು.

ಈ ಎಲ್ಲ ಊರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಸೇನೆಯ ರನ್‌ವೇ ಹಂಚಿಕೊಳ್ಳುವುದು ಸಣ್ಣ ಊರಿಗೆ ಒಳ್ಳೆಯ ಆರಂಭ. ಜನಸಂಚಾರ ಬೆಳೆದಂತೆ ಅಂಗಳ ಚಿಕ್ಕದಾಗುತ್ತದೆ. ಆಗ ಬೇರೆ ಮನೆ ಮಾಡಬೇಕಾಗುತ್ತದೆ, ಇಲ್ಲವೇ ಯಾರ ಪಾಳಿ ಯಾವಾಗ ಎಂಬುದನ್ನು ಮತ್ತೆ ಕೂತು ಮಾತಾಡಬೇಕಾಗುತ್ತದೆ.

ನಮ್ಮ ಬಾಗಿಲಿಗೆ ಬಂದಾಗ

ಈಗ ಅಂಕೋಲದ ಮಾತು. ಕಾರವಾರದ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಐ.ಎನ್.ಎಸ್. ಕದಂಬ ಎಂಬ ಹೆಸರಿನಲ್ಲಿ ನೆಲೆ ಆರಂಭವಾಯಿತು. ಅದರ ಮುಂದಿನ ಹಂತದಲ್ಲಿ ಅಂಕೋಲದ ಅಲಗೇರಿ ಬಳಿ ನೌಕಾಪಡೆಯ ವಿಮಾನ ನಿಲ್ದಾಣ, ಅದರಲ್ಲಿಯೇ ನಾಗರಿಕರಿಗೂ ಒಂದು ಪಾಲು ಎಂಬುದು ಯೋಜನೆ. ದಾಬೋಲಿಮಿನ ಅದೇ ಮಾದರಿ.

ರೈಲಿನಲ್ಲಿ ಗಂಗೊಳ್ಳಿ ಕಡೆಯ ತಾಯಿಯೊಬ್ಬರು ಕೇಳಿದರು: “ಮಾಸ್ಟ್ರೇ, ಹಾಂಗಾರೆ ನಮ್ಮಣ್ಣ ದುಬೈಯಿಂದ ಸೀದಾ ಅಂಕೋಲಕ್ಕೇ ಬಂದ್ ಇಳುಕೆ ಆತ್ತಾ?” ಹೌದು ಎಂದು ಬಾಯಿಮಾತಿಗೆ ಹೇಳಲು ಆಗಲಿಲ್ಲ. ಹೊರದೇಶದ ವಿಮಾನ ಬರಬೇಕೆಂದರೆ ಪಾಸ್‌ಪೋರ್ಟ್ ತಪಾಸಣೆ, ಸುಂಕದ ಕಟ್ಟೆ, ಸರಕಾರದ ಒಪ್ಪಿಗೆ ಎಲ್ಲ ಬೇಕು. ಸೇನೆಯ ನೆಲೆಯಾದರೆ ಭದ್ರತೆಯ ಒಪ್ಪಿಗೆ ಇನ್ನೊಂದು. ದಾಬೋಲಿಮಿನಲ್ಲಿ ಇದು ಸಾಧ್ಯವಾಗಿದೆ. ಆದರೆ ಅದು ರನ್‌ವೇಯ ಜೊತೆಗೆ ತಾನಾಗಿ ಬರುವುದಿಲ್ಲ. “ಹಾಂಗಾರೆ ಸುರೂವಿಗೇ ಕೇಂಡ್ಕಂಬ್ದ್ ಒಳ್ಳೇದ್” ಎಂದರು ಅವರು. ಇಡೀ ವಿಷಯದ ತಿರುಳು ಅದೇ.

ಕೇಳಬೇಕಾದ ಪ್ರಶ್ನೆಗಳು ಹೆಚ್ಚೇನಿಲ್ಲ. ನಾಗರಿಕ ವಿಮಾನಕ್ಕೆ ದಿನದ ಯಾವ ಹೊತ್ತು ಸಿಗುತ್ತದೆ? ಎಷ್ಟು ವಿಮಾನ ನಿಲ್ಲಲು ಜಾಗ? ರಾತ್ರಿಯಲ್ಲಿ ತುರ್ತಾಗಿ ರೋಗಿಯನ್ನು ಒಯ್ಯಬೇಕಾದರೆ ಬಾಗಿಲು ತೆರೆದಿರುತ್ತದೆಯೇ? ಯುದ್ಧ ವಿಮಾನ ಹಾರುವ ದಾರಿಯಲ್ಲಿ ಯಾವ ಶಾಲೆಗಳಿವೆ? ಶಬ್ದದ ಅಳತೆ ಮಾಡುವವರು ಯಾರು?

ಎಲ್ಲಕ್ಕಿಂತ ಮೊದಲಿನ ಪ್ರಶ್ನೆ ನೆಲದ್ದು. ಸೀಬರ್ಡ್‌ಗಾಗಿ ಕಾರವಾರ, ಅಂಕೋಲದ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ತೀರ ಬಿಟ್ಟು ಎದ್ದವು. ಅವರ ಪರಿಹಾರದ ವ್ಯಾಜ್ಯಗಳು ದಶಕಗಳ ಕಾಲ ನಡೆದವು. ಅಲಗೇರಿ, ಬೆಲೇಕೇರಿ, ಭಾವಿಕೇರಿ ಕಡೆಯ ಜನಕ್ಕೆ ವಿಮಾನ ನಿಲ್ದಾಣ ಎಂದರೆ ಮೊದಲು ಕಣ್ಣಿಗೆ ಬರುವುದು ರನ್‌ವೇಯಲ್ಲ, ತಮ್ಮ ಮನೆಯ ಅಂಗಳ. ನಾಳೆ ಅಲ್ಲಿ ಇಳಿಯುವ ನಾವು ಆ ಅಂಗಳ ಯಾರದಿತ್ತು ಎಂಬುದನ್ನು ಮರೆಯಬಾರದು. ಬೈಂದೂರಿನ ಕಡೆಗೂ ಒಂದು ನಿಲ್ದಾಣ ಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಬೇಕೆನ್ನುವ ಮೊದಲು ಗೋವಾ, ಬೀದರ್, ಕಾರವಾರ ಮೂರರ ಅನುಭವವನ್ನೂ ಎದುರಿಗಿಟ್ಟು ನೋಡುವುದು ಒಳ್ಳೆಯದು.

ಹೆತ್ತವರಿಗೆ ಒಂದು ಮಾತು. ವಿಮಾನ ಎಂದೊಡನೆ ಮಕ್ಕಳು ಪೈಲಟ್ ಆಗುತ್ತೇನೆ ಎನ್ನುತ್ತಾರೆ. ಆಗಲಿ. ಆದರೆ ಒಂದು ವಿಮಾನ ಏರಲು ಹವೆಯ ಲೆಕ್ಕ ಹೇಳುವವರು, ದಾರಿ ಬಿಡುವ ನಿಯಂತ್ರಕರು, ಎಂಜಿನ್ ಬಿಚ್ಚಿ ಜೋಡಿಸುವವರು, ಬೆಂಕಿ ಆರಿಸುವವರು ಎಲ್ಲ ಬೇಕು. ಇವರಲ್ಲಿ ಬಹಳ ಮಂದಿಗೆ ಬುನಾದಿ ಭೌತಶಾಸ್ತ್ರ ಮತ್ತು ಗಣಿತ. ಇದೇ ಕಡಲತೀರದಲ್ಲಿ ದಕ್ಷಿಣಕ್ಕೆ ಹೋದರೆ ಕಣ್ಣೂರಿನ ಏಳಿಮಲೆಯಲ್ಲಿ ನೌಕಾ ಅಕಾಡೆಮಿ ಇದೆ. ಹೆಣ್ಣುಮಕ್ಕಳಿಗೂ ದಾರಿ ತೆರೆದಿದೆ. 2019ರ ಡಿಸೆಂಬರಿನಲ್ಲಿ ಸಬ್ ಲೆಫ್ಟಿನೆಂಟ್ ಶಿವಾಂಗಿ ಕೊಚ್ಚಿಯಲ್ಲಿ ನೌಕಾಪಡೆಯ ಮೊದಲ ಮಹಿಳಾ ಪೈಲಟ್ ಆದರು.

ಹೋಗುವವರಿಗೆ

ಬಾರ್ಕೂರು, ಕುಂದಾಪುರ, ಬೈಂದೂರಿನಿಂದ ಮಡಗಾಂವ್‌ಗೆ ಕೊಂಕಣ ರೈಲು. ಅಲ್ಲಿಂದ ವಾಸ್ಕೋ ಕಡೆಗೆ ರೈಲು ಅಥವಾ ಬಸ್ಸು. ಬೋಗ್ಮಾಲೋ ವಸ್ತುಸಂಗ್ರಹಾಲಯಕ್ಕೆ ಸಾಮಾನ್ಯವಾಗಿ ಸೋಮವಾರ ರಜೆ. ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಸರಿಯಾಗಿ ನೋಡಲು ಎರಡು ಗಂಟೆ ಬೇಕು. ಮಳೆಗಾಲ ಬೇಡ, ವಿಮಾನಗಳು ಬಯಲಿನಲ್ಲಿವೆ. ಮಕ್ಕಳ ಕೈಯಲ್ಲಿ ಒಂದು ನೋಟ್‌ಬುಕ್ಕು, ಒಂದು ದಿಕ್ಸೂಚಿ ಇರಲಿ. ನೆಲೆಯ ಬೇಲಿಯ ಕಡೆಗೆ ಕ್ಯಾಮೆರಾ ತಿರುಗಿಸದಂತೆ ಮೊದಲೇ ಹೇಳಿಡಿ. ವಸ್ತುಸಂಗ್ರಹಾಲಯ ಮುಗಿಸಿ ರಸ್ತೆ ಇಳಿದರೆ ಬೋಗ್ಮಾಲೋ ಕಡಲತೀರ. ಅಲ್ಲಿ ಕೂತು ಬುತ್ತಿ ಬಿಚ್ಚಿ. ಮೇಲೆ ಹೋಗುವ ವಿಮಾನದ ಸದ್ದು ಕೇಳಿ, ಅದು ಯಾರದು, ಯಾವ ದಿಕ್ಕಿಗೆ, ಗಾಳಿ ಎತ್ತಲಿನದು ಎಂದು ಮಕ್ಕಳೇ ಹೇಳಲಿ.